ಫಲಿತಾಂಶಕ್ಕೆ ಮೊದಲೇ ಬಂದ ಫ್ಲೆಕ್ಸು

ಅಕ್ಕನ ಹೊಲಿಗೆ ಯಂತ್ರದ ಡ್ರಾವರಿನಲ್ಲಿ ಗುಂಡಿ ಹುಡುಕುತ್ತಿದ್ದೆ. ನನ್ನದೇ ಅಂಗಿಯ ಗುಂಡಿ. ವಿಶ್ವವಿದ್ಯಾಲಯದಲ್ಲಿ ಅಷ್ಟು ವರ್ಷ ಕಳೆದು ಬಂದವನಿಗೆ ಒಂದು ಗುಂಡಿ ಹೊಲಿದುಕೊಳ್ಳಲಾದರೂ ಬರುತ್ತದೆ ಎಂದು ಅಕ್ಕನಿಗೆ ತೋರಿಸಿಕೊಡುವ ಹಟವಿತ್ತು. ಗುಂಡಿ ಸಿಗಲಿಲ್ಲ. ಬೂದು ಬಣ್ಣದ, ನೆಲ್ಲಿಕಾಯಿ ಗಾತ್ರದ, ಅಂಗೈಯಲ್ಲಿಟ್ಟರೆ ಗಾತ್ರಕ್ಕೆ ಮೀರಿದ ಭಾರವಿರುವ ಒಂದು ರಬ್ಬರ್ ಚೆಂಡು ಸಿಕ್ಕಿತು.

"ಇದೆಂತ ಮಾಮ?" ಎಂದಳು ಅಕ್ಕನ ಮಗಳು.

"ಮೌಸಿನ ಚೆಂಡು. ಹಿಂದೆ ಕಂಪ್ಯೂಟರಿನ ಮೌಸಿನ ಹೊಟ್ಟೆಯೊಳಗೆ ಇದು ಇರ್ತಿತ್ತು. ಇದು ಉರುಳಿದರೆ ಪರದೆಯ ಮೇಲೆ ಬಾಣ ಓಡ್ತಿತ್ತು."

ಅವಳು ಅದನ್ನು ಒಮ್ಮೆ ನೆಲಕ್ಕೆ ಹೊಡೆದು ನೋಡಿದಳು. ಅದು ಪುಟಿಯಲಿಲ್ಲ. ಪುಟಿಯದ ಚೆಂಡಿನಲ್ಲೂ ಅದರ ಬಗ್ಗೆ ಮಾತಾಡುವ ಮಾಮನಲ್ಲೂ ಅವಳಿಗೆ ಒಟ್ಟಿಗೇ ಆಸಕ್ತಿ ಹೋಯಿತು.

ನಮ್ಮ ಶಾಲೆಯ ಲ್ಯಾಬಿನಲ್ಲಿ ಇಂಥ ಮೌಸುಗಳಿದ್ದವು. ಚೆಂಡಿಗೆ ಕೂದಲು, ಧೂಳು, ಯಾರದೋ ಮಧ್ಯಾಹ್ನದ ಊಟದ ಅನ್ನದ ಅಗುಳು ಎಲ್ಲ ಸುತ್ತಿಕೊಂಡು, ಬಾಣ ಪರದೆಯ ಬಲಗಡೆಗೆ ಮಾತ್ರ ಹೋಗುತ್ತಿತ್ತು. ಎಡಕ್ಕೆ ಬರಬೇಕಾದರೆ ಮೌಸನ್ನು ಎತ್ತಿ ಎರಡು ಬಾರಿ ಕುಟ್ಟಬೇಕು. ಹಳೆಯವನ್ನು ಬದಲಿಸಿದಾಗ ಸರೋಜಿನಿ ಟೀಚರ್ ನನಗೊಂದು ಚೆಂಡು ಕೊಟ್ಟರು ಎಂದು ನನ್ನ ನೆನಪು. ಕದ್ದು ತಂದದ್ದು ಎಂದು ಅಕ್ಕನ ನೆನಪು.

ನನ್ನ ನೆನಪನ್ನು ನಾನು ನಂಬುವುದಿಲ್ಲ. ಇದು ವಿನಯವಲ್ಲ, ತರಬೇತಿ. ಇತಿಹಾಸ ವಿಭಾಗದಲ್ಲಿ ನಮಗೆ ಕಲಿಸಿದ್ದು ಇಷ್ಟೇ: ಯಾವ ದಾಖಲೆ ಕೈಗೆ ಬಂದರೂ ಮೊದಲು ಕೇಳಬೇಕಾದ್ದು, ಇದನ್ನು ಹೇಳಿದವನಿಗೆ ಇದರಿಂದ ಏನು ಲಾಭ? ಈ ಪ್ರಶ್ನೆಯನ್ನು ನಾನು ರಾಜರಿಗೆ ಕೇಳಿದೆ, ಬ್ರಿಟಿಷ್ ಕಲೆಕ್ಟರುಗಳಿಗೆ ಕೇಳಿದೆ. ರಜೆಯಲ್ಲಿ ಊರಿಗೆ ಬಂದಾಗ ದೊಡ್ಡಪ್ಪನಿಗೆ ಕೇಳಿದೆ. ಅವರು ನನ್ನೊಡನೆ ಮಾತು ಬಿಟ್ಟರು. ಕೊನೆಗೆ ಕೇಳಲು ಬೇರೆ ಯಾರೂ ಉಳಿಯದೆ ನನ್ನನ್ನೇ ಕೇಳಿಕೊಳ್ಳತೊಡಗಿದೆ. ಹಾಗಾಗಿ ಇಲ್ಲಿ ಮುಂದೆ ಹೇಳುವುದನ್ನು ನೀವೂ ಅರ್ಧವೇ ನಂಬಿ. ಯಾವ ಅರ್ಧ ಎಂದು ಮಾತ್ರ ಕೇಳಬೇಡಿ.

ನಮ್ಮ ಕಾಸರಗೋಡು ಸೇರಿರುವ ಕೇರಳದಲ್ಲಿ ಮಕ್ಕಳನ್ನು ಸುಮ್ಮನೆ ಬೆಳೆಯಲು ಬಿಡುವ ಪದ್ಧತಿ ಇಲ್ಲ. ಹಾಡುವವರಿಗೆ, ಕುಣಿಯುವವರಿಗೆ ಕಲೋತ್ಸವ. ಹಾಡಲೂ ಕುಣಿಯಲೂ ಬಾರದವರಿಗೆ ವಿಜ್ಞಾನ ಮೇಳ, ಗಣಿತ ಮೇಳ, ವೃತ್ತಿಪರಿಚಯ ಮೇಳ. ಕೊನೆಯದರಲ್ಲಿ ಮಕ್ಕಳು ಸಾಲಾಗಿ ಕೂತು ಸ್ಪರ್ಧೆಯ ಮೇಲೆ ಕೊಡೆ ಮಾಡುತ್ತಾರೆ, ಸೀಮೆಸುಣ್ಣ ಮಾಡುತ್ತಾರೆ, ಊದುಬತ್ತಿ ಹೊಸೆಯುತ್ತಾರೆ. ಇದೆಲ್ಲದರ ಕೊನೆಗೆ ಹುಟ್ಟಿದ ಕೂಸು ಐ.ಟಿ. ಮೇಳ. ಎಲ್ಲದಕ್ಕೂ ಶಾಲಾ ಮಟ್ಟ, ಉಪಜಿಲ್ಲಾ ಮಟ್ಟ, ಜಿಲ್ಲಾ ಮಟ್ಟ, ರಾಜ್ಯ ಮಟ್ಟ. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಐ.ಟಿ. ಮೇಳದ ಡಿಜಿಟಲ್ ಪೇಂಟಿಂಗಿಗೆ ನಮ್ಮ ಕನ್ನಡ ಶಾಲೆಯಿಂದ ಆಯ್ಕೆಯಾದೆ. ಪ್ರತಿಭೆಯಿಂದ ಎಂದುಕೊಳ್ಳಬೇಡಿ. ಶಾಲೆಯಲ್ಲಿ ನಿಜವಾಗಿ ಚಿತ್ರ ಬರುತ್ತಿದ್ದದ್ದು ಬೀಫಾತಿಮಾಳಿಗೆ. ಅವಳನ್ನು ಕೊಡೆ ಮಾಡಲು ಕಳಿಸಿದ್ದರು.

"ನಿನಗೆ ಹೆದರಿಕೆ ಇಲ್ಲ, ಅದೇ ದೊಡ್ಡದು," ಎಂದರು ಸರೋಜಿನಿ ಟೀಚರ್. ಅವರು ಸಮಾಜ ವಿಜ್ಞಾನದ ಟೀಚರ್. ಎರಡು ವಾರದ ತರಬೇತಿ ಮುಗಿಸಿ ಬಂದ ಮೇಲೆ ಕಂಪ್ಯೂಟರೂ ಅವರ ತಲೆಗೇ ಬಿದ್ದಿತ್ತು. "ಆದರೆ ಅಭ್ಯಾಸ ಬೇಕು. ಇಲ್ಲಿ ಕರೆಂಟು ಇರುವಾಗ ಕಂಪ್ಯೂಟರ್ ಸರಿ ಇಲ್ಲ, ಕಂಪ್ಯೂಟರ್ ಸರಿ ಇರುವಾಗ ಕರೆಂಟಿಲ್ಲ. ಹೊರಗೆ ಎಲ್ಲಾದರೂ ನೋಡು."

ಹೊರಗೆ ಎಂದರೆ ಚಂದ್ರಹಾಸಣ್ಣ.

ಚಂದ್ರಹಾಸಣ್ಣನ ಪರಿಚಯ ಮಾಡಿಕೊಡಬೇಕು. ಮುಳ್ಳೇರಿಯದಿಂದ ಒಂದಿಷ್ಟು ಒಳಗೆ ನಮ್ಮ ಜಂಕ್ಷನು. ಅಲ್ಲಿ ಅವರದ್ದು ಮೈಕ್, ಕುರ್ಚಿ, ಶಾಮಿಯಾನ ಬಾಡಿಗೆಗೆ ಕೊಡುವ ಅಂಗಡಿ. ಮದುವೆಯಿರಲಿ, ಸಾವಿನ ಮನೆಯ ಮಯ್ಯತ್ತಿರಲಿ, ಪಕ್ಷದ ಸಭೆಯಿರಲಿ, ಮೊದಲು ಬರುವವರು ಚಂದ್ರಹಾಸಣ್ಣ, ಕೊನೆಗೆ ಹೋಗುವವರೂ ಅವರೇ, ಕುರ್ಚಿ ಒಯ್ಯಬೇಕಲ್ಲ. ಮೈಕ್ ಪರೀಕ್ಷೆ ಮಾಡುತ್ತ ಮಾಡುತ್ತ ಅವರಿಗೆ ಭಾಷಣವೂ ಬಂದಿತ್ತು. ಬಸ್‌ಸ್ಟಾಪಿನ ಈಚೆ ಬದಿಯ ಆರ್ಟ್ಸ್ ಆ್ಯಂಡ್ ಸ್ಪೋರ್ಟ್ಸ್ ಕ್ಲಬ್ಬಿಗೆ ಅವರು ಕಾರ್ಯದರ್ಶಿ. ಆಚೆ ಬದಿಯಲ್ಲಿ ಇನ್ನೊಂದು ಕ್ಲಬ್ಬಿತ್ತು. ಎರಡು ಕ್ಲಬ್ಬುಗಳಿಗೂ ಕಲೆಯೂ ಕ್ರೀಡೆಯೂ ಹೆಸರಿಗೆ ಮಾತ್ರ. ನಿಜವಾದ ಕಸುಬು ಫ್ಲೆಕ್ಸು.

ಈಗ ಫ್ಲೆಕ್ಸ್ ಕಟ್ಟಬಾರದು ಎಂದು ಸರಕಾರ ಹೇಳಿದೆ. ಆಗ ನಮ್ಮ ಜಂಕ್ಷನಿನಲ್ಲಿ ಆಕಾಶ ಕಾಣಬೇಕಾದರೆ ಬಸ್ಸು ಹತ್ತಿ ಮುಳ್ಳೇರಿಯಕ್ಕೆ ಹೋಗಬೇಕಿತ್ತು, ಅಲ್ಲಿಯೂ ಕಾಣುತ್ತಿರಲಿಲ್ಲ. ಹತ್ತನೇ ಕ್ಲಾಸಿನಲ್ಲಿ ಎ ಪ್ಲಸ್ ಬಂದ ಹುಡುಗಿಗೆ ಫ್ಲೆಕ್ಸು, ದುಬಾಯಿಯಿಂದ ಬಂದ ಯುವಕನಿಗೆ ಸ್ವಾಗತದ ಫ್ಲೆಕ್ಸು, ಅವನು ವಾಪಸು ಹೋಗುವವರೆಗೂ ಅದು ಅಲ್ಲೇ; ಕಬಡ್ಡಿಯಲ್ಲಿ ಸೋತವರಿಗೂ "ಕೆಚ್ಚೆದೆಯ ಹೋರಾಟ" ಎಂದು ಫ್ಲೆಕ್ಸು. ಅಭಿನಂದನೆಗೆ ಒಳಗಾದವರ ಚಿತ್ರ ನಡುವೆ ಇದ್ದರೂ ಫ್ಲೆಕ್ಸಿನ ಜೀವ ಇರುವುದು ಕೆಳಗಿನ ಸಾಲಿನಲ್ಲಿ. "ಶುಭ ಕೋರುವವರು" ಎಂದು ಬರೆದು, ಮೊಟ್ಟೆಯಾಕಾರದ ಚೌಕಟ್ಟುಗಳಲ್ಲಿ ಕ್ಲಬ್ಬಿನ ಪದಾಧಿಕಾರಿಗಳ ಮುಖ. ಅಧ್ಯಕ್ಷರ ಮೊಟ್ಟೆ ಒಂದು ಬೆರಳು ದೊಡ್ಡದು. ಅದು ಎರಡು ಬೆರಳು ದೊಡ್ಡದಾದರೆ ಕ್ಲಬ್ಬು ಒಡೆಯುತ್ತದೆ.

ಹೀಗೆ ಆಚೆ ಈಚೆಯವರು ನಮ್ಮೂರಿನ ಮಕ್ಕಳ ಪ್ರತಿಭೆಗಾಗಿ ಕಣ್ಣಿಟ್ಟು ಕಾಯುತ್ತಿದ್ದ ದಿನಗಳಲ್ಲಿ ನಾನು ಆಯ್ಕೆಯಾದ ಸುದ್ದಿ ಚಂದ್ರಹಾಸಣ್ಣನಿಗೆ ಮುಟ್ಟಿತು. ಮುಳ್ಳೇರಿಯದಲ್ಲಿ ಅವರ ಗೆಳೆಯನ ಫ್ಲೆಕ್ಸ್ ಡಿಸೈನಿನ ಅಂಗಡಿ ಇತ್ತು. "ಸಂಜೆ ಶಾಲೆ ಬಿಟ್ಟ ಮೇಲೆ ಅಲ್ಲಿ ಕೂತು ಕಲಿ ಮಾರಾಯ. ಹಣ ಗಿಣ ಬೇಡ. ಅವರ ಕೆಲಸಕ್ಕೆ ಕೈ ಹಾಕು, ಅದೇ ಅಭ್ಯಾಸ," ಎಂದು ನನ್ನನ್ನು ಕೂರಿಸಿಬಿಟ್ಟರು.

ಶಾಲೆಯಲ್ಲಿ ಉಚಿತ ತಂತ್ರಾಂಶ, ಅಂಗಡಿಯಲ್ಲಿ ಕಳ್ಳ ತಂತ್ರಾಂಶ. ಕಲಿಕೆ ಬೇಗ ಆದದ್ದು ಎರಡನೆಯದರಲ್ಲಿ. ಕಪ್ಪು ಮುಖವನ್ನು ಗೋಧಿ ಬಣ್ಣಕ್ಕೆ ತರುವುದು, ಬೋಳು ತಲೆಗೆ ನೆರಳು ಕೊಡುವುದು, ಒಬ್ಬರ ತಲೆಯನ್ನು ಇನ್ನೊಬ್ಬರ ಕೋಟಿನ ಮೇಲೆ ಕೂರಿಸುವುದು, ಬೆನ್ನ ಹಿಂದೆ ಸೂರ್ಯನ ಕಿರಣ ಬಿಡುವುದು ಎಲ್ಲ ಕಲಿತೆ. ಒಮ್ಮೆ ಊರಿನ ಹಿರಿಯರೊಬ್ಬರು ತೀರಿಕೊಂಡಾಗ ಶ್ರದ್ಧಾಂಜಲಿಯ ಫ್ಲೆಕ್ಸು ಅವಸರದಲ್ಲಿ ಆಗಬೇಕಿತ್ತು. ಕೆಳಗಿನ ಸಾಲಿಗೆ ಹೊಸ ಫೋಟೊ ಎಲ್ಲಿಂದ ತರುವುದು? ಕಬಡ್ಡಿಯ ಫ್ಲೆಕ್ಸಿನ ಅವೇ ಮೊಟ್ಟೆಗಳನ್ನು ಹಾಕಿದೆವು. ಮೇಲೆ ಸತ್ತವರು ಗಂಭೀರವಾಗಿ ನೋಡುತ್ತಿದ್ದರೆ, ಕೆಳಗೆ ದುಃಖತಪ್ತ ಪದಾಧಿಕಾರಿಗಳು ಹಲ್ಲು ಬಿಟ್ಟು ನಗುತ್ತಿದ್ದರು. ಯಾರೂ ಏನೂ ಹೇಳಲಿಲ್ಲ. ಕೆಳಗಿನ ಸಾಲನ್ನು ಎಲ್ಲರೂ ನೋಡುತ್ತಿದ್ದದ್ದು ತಮ್ಮ ಮುಖ ಹುಡುಕಲಿಕ್ಕೆ ಮಾತ್ರ.

ಒಂದು ಸಂಜೆ ಚಂದ್ರಹಾಸಣ್ಣ ಅಂಗಡಿಗೆ ಬಂದು, "ಇವತ್ತು ನಿನ್ನದೇ ಒಂದು ಮಾಡು," ಎಂದರು.

"ನನ್ನದಾ?"

"ಹೂಂ. ಉಪಜಿಲ್ಲಾ ಐ.ಟಿ. ಮೇಳದಲ್ಲಿ ಪ್ರಥಮ ಸ್ಥಾನ. ನಿನ್ನ ಅಕ್ಕನ ಹತ್ರ ಕೇಳಿ ಫೋಟೊ ತಂದಿದ್ದೇನೆ."

"ಸ್ಪರ್ಧೆಯೇ ಆಗ್ಲಿಲ್ಲ ಅಲ್ವಾ ಚಂದ್ರಹಾಸಣ್ಣ?"

"ಆಗುವಾಗ ಆಗ್ಲಿ. ಪ್ರಿಂಟು ಆಗಿ ಬರಬೇಕಾದ್ದು ಕಾಸರಗೋಡಿಂದ. ಕಳೆದ ವರ್ಷ ಎಂತ ಆಯ್ತು ಗೊತ್ತುಂಟಲ್ಲ? ಕಂಠಪಾಠದ ಹುಡುಗಿಗೆ ಬಹುಮಾನ ಬಂದದ್ದು ಬೆಳಿಗ್ಗೆ, ಸಂಜೆಗೆ ಆಚೆಯವರ ಫ್ಲೆಕ್ಸ್ ಎದ್ದಿತ್ತು. ನಮ್ಮದು ಬರುವಾಗ ಜನ ಅವಳನ್ನೇ ಮರೆತಿದ್ದರು."

"ಎರಡನೇ ಸ್ಥಾನ ಬಂದರೆ?"

"ಮೇಲಿಂದ ಒಂದು ಕಾಗದ ಅಂಟಿಸುವ."

"ಎಂತದೂ ಬಾರದಿದ್ದರೆ?"

ಚಂದ್ರಹಾಸಣ್ಣ ಪಕ್ಕದ ಕುರ್ಚಿ ಎಳೆದು ಕೂತರು. ಅವರು ಕೂತು ಮಾತಾಡಿದ್ದನ್ನು ನಾನು ಮೊದಲು ನೋಡಿದ್ದು ಅಂದೇ. "ಹಾಗೆ ಹೇಳ್ಬೇಡ ಕಿಶೋರ. ಪಂಚಾಯತ್ ಇಲೆಕ್ಷನ್ ಬರ್ತಾ ಉಂಟು. ನಮ್ಮ ವಾರ್ಡಿನ ಸೀಟು ನನಗೋ ಕ್ಲಬ್ಬಿನ ಅಧ್ಯಕ್ಷರಿಗೋ ಅಂತ ಪಕ್ಷದವರು ನೋಡ್ತಾ ಇದ್ದಾರೆ. ಊರಿನ ಮಕ್ಕಳನ್ನು ಮುಂದೆ ತರುವವ ನಾನು ಅಂತ ಅವರಿಗೆ ಕಾಣ್ಬೇಕು. ಈ ಫ್ಲೆಕ್ಸ್ ಎದ್ದರೆ ನಾನು ಎದ್ದೆ. ಬಿದ್ದರೆ ಆಚೆಯವರು ನನ್ನನ್ನು ಇದರಲ್ಲೇ ಸುತ್ತಿ ಬಿಸಾಡ್ತಾರೆ."

ಹಾಗೆ ನಾನು ನನ್ನ ಗೆಲುವನ್ನು ನಾನೇ ವಿನ್ಯಾಸ ಮಾಡಿದೆ. ನನ್ನ ಮುಖವನ್ನು ನಾನೇ ಬೆಳ್ಳಗೆ ಮಾಡಿದೆ. ಬೆನ್ನ ಹಿಂದೆ ಸೂರ್ಯನನ್ನಿಟ್ಟೆ. "ಊರಿಗೆ ಕೀರ್ತಿ ತಂದ ಡಿಜಿಟಲ್ ಕಲಾಕುಸುಮಕ್ಕೆ ಅಭಿನಂದನೆಗಳು" ಎಂದು ಬರೆದೆ. ಕಲಾಕುಸುಮ ಎಂಬ ಪದ ನನ್ನದಲ್ಲ, ಚಂದ್ರಹಾಸಣ್ಣನದು ಎಂದು ನಾನು ಎಲ್ಲೆಡೆ ಹೇಳುತ್ತ ಬಂದಿದ್ದೇನೆ. ಈಗ ಸಂಶಯ ಬರುತ್ತಿದೆ. ಆ ವಯಸ್ಸಿನ ನನ್ನ ಕನ್ನಡ ಪ್ರಬಂಧಗಳನ್ನು ನೋಡಿದವರು ಆ ಪದಕ್ಕೆ ತಂದೆ ಯಾರೆಂದು ಸುಲಭವಾಗಿ ಹೇಳಿಯಾರು.

ಉಪಜಿಲ್ಲಾ ಮೇಳ ನಡೆದದ್ದು ಅನಂತಪುರದ ಕಡೆಯ ಒಂದು ಶಾಲೆಯಲ್ಲಿ. ಬೇಗ ಮುಗಿದರೆ ಕೆರೆಯ ನಡುವಿನ ದೇವಸ್ಥಾನಕ್ಕೆ ಹೋಗಿ ಮೊಸಳೆ ನೋಡಿಕೊಂಡು ಬರುವ ಎಂದು ಟೀಚರ್ ಆಸೆ ತೋರಿಸಿದ್ದರು. ಆ ಮೊಸಳೆಯನ್ನು ಅಂದು ನೋಡಿದ್ದೇನೆ ಎಂದೇ ನಾನು ತಿಳಿದಿದ್ದೆ: ನೀರಿನ ಮೇಲೆ ಎರಡು ಕಣ್ಣು, ಒಂದು ಮೂಗು. ಆಮೇಲೆ ಗಮನಿಸಿದರೆ, ನಮ್ಮ ಕಡೆಯಲ್ಲಿ ಆ ದೇವಸ್ಥಾನಕ್ಕೆ ಹೋದವರೆಲ್ಲ ಹೇಳುವುದು ಇದನ್ನೇ: ನೀರಿನ ಮೇಲೆ ಎರಡು ಕಣ್ಣು, ಒಂದು ಮೂಗು. ಕಾಣಲಿಲ್ಲ ಎಂದು ಹೇಳಿದವರು ಇಲ್ಲವೇ ಇಲ್ಲ. ಮೊಸಳೆ ಎಲ್ಲರಿಗೂ ಒಂದೇ ಭಂಗಿಯಲ್ಲಿ ದರ್ಶನ ಕೊಡುವಷ್ಟು ಶಿಸ್ತಿನದ್ದೋ, ಅಥವಾ ನಾವೇ ಒಬ್ಬರ ಬಾಯಿಂದ ಇನ್ನೊಬ್ಬರು ಕದ್ದು ನೋಡಿದ್ದೋ, ನನಗೆ ಗೊತ್ತಿಲ್ಲ.

ಸ್ಪರ್ಧೆಯ ಕೋಣೆಗೆ ಬರುತ್ತೇನೆ. ವಿಷಯವನ್ನು ಕರಿಹಲಗೆಯ ಮೇಲೆ ಮಲಯಾಳದಲ್ಲಿಯೂ ಕನ್ನಡದಲ್ಲಿಯೂ ಬರೆದರು: ಪ್ಲಾಸ್ಟಿಕ್ ಇಲ್ಲದ ಊರು. ಸಾಲಾಗಿ ಕೂತ ಮಕ್ಕಳೆಲ್ಲ ಏಕಕಾಲಕ್ಕೆ ಒಂದು ಗುಡ್ಡ, ಹರಿಯುವ ಒಂದು ತೋಡು, ಎರಡು ತೆಂಗಿನಮರ ಬಿಡಿಸತೊಡಗಿದರು. ನಾನೂ ಬಿಡಿಸಿದೆ. ಮೌಸು ಬಲಕ್ಕೆ ಮಾತ್ರ ಹೋಗುವುದು ಅಲ್ಲಿಯೂ ಇತ್ತು. ಹಾಗಾಗಿ ನನ್ನ ತೆಂಗಿನಮರಗಳು ಗಾಳಿಗೆ ಸಿಕ್ಕಿದ ಹಾಗೆ ಬಲಕ್ಕೆ ವಾಲಿದವು. ನಡುವೆ ಒಂದು ಜೊತೆ ಕೈ, ಕೈಯಲ್ಲಿ ಭೂಮಿ, ಭೂಮಿಯ ಹಿಂದೆ, ಹೌದು, ಸೂರ್ಯನ ಕಿರಣ. ಎಲ್ಲ ಮುಗಿದಾಗ ಸಮಯ ಉಳಿದಿತ್ತು. ಚಿತ್ರದ ಕೆಳಭಾಗ ನನಗೆ ಬೋಳುಬೋಳಾಗಿ ಕಂಡಿತು. ಏನೋ ಮರೆತ ಹಾಗೆ.

ಕೆಳಗೆ ಸಾಲಾಗಿ ಮೊಟ್ಟೆಗಳನ್ನು ಹಾಕಿದೆ.

ನಗಬೇಡಿ. ಅಷ್ಟು ವಾರಗಳಿಂದ ನಾನು ಮಾಡಿದ ಚಿತ್ರಗಳಲ್ಲಿ ಕೆಳಗಿನ ಸಾಲು ಇಲ್ಲದ್ದು ಒಂದೂ ಇರಲಿಲ್ಲ. ಅದಿಲ್ಲದೆ ಚಿತ್ರವೊಂದು ಮುಗಿಯಬಹುದು ಎಂದು ನನಗೆ ಹೇಳಿದವರಾದರೂ ಯಾರು? ಮೊಟ್ಟೆಗಳೊಳಗೆ ಗಣ್ಯರ ಮುಖ ಬರೆಯುವುದೆಂದು ಇಟ್ಟುಕೊಂಡಿದ್ದೆ. ದೊಡ್ಡ ಮೊಟ್ಟೆ ಎ.ಇ.ಒ. ಅವರಿಗೆ, ಉಪಜಿಲ್ಲೆಯ ಶಾಲೆಗಳಿಗೆಲ್ಲ ಅವರೇ ದೊಡ್ಡ ಅಧಿಕಾರಿ. ಎ.ಇ.ಒ. ಅವರ ಮುಖ ಹೇಗಿರುತ್ತದೆ ಎಂದು ಯೋಚಿಸುತ್ತಿರುವಾಗ ಗಂಟೆ ಹೊಡೆಯಿತು. ಮೊಟ್ಟೆಗಳು ಖಾಲಿ ಉಳಿದವು.

ಹೊರಗೆ ಕಿಟಕಿಯಿಂದ ಬಗ್ಗಿ ನೋಡುತ್ತಿದ್ದ ಸರೋಜಿನಿ ಟೀಚರ್ ನನ್ನನ್ನು ಮೂಲೆಗೆ ಕರೆದರು. "ಎಂತದಾ ಅದು ಕೆಳಗೆ? ಕೋಳಿಫಾರ್ಮಾ?"

"ಶುಭ ಕೋರುವವರು ಟೀಚರ್."

ಟೀಚರ್ ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. ಆಮೇಲೆ, "ಬಾ, ಊಟ ಮಾಡುವ. ಮೊಸಳೆಯಾದರೂ ನೋಡಿಕೊಂಡು ಹೋಗುವ," ಎಂದರು.

ಅಷ್ಟು ಹೊತ್ತಿಗೆ ಫ್ಲೆಕ್ಸು ಕಾಸರಗೋಡಿನಿಂದ ಬಂದು ಚಂದ್ರಹಾಸಣ್ಣನ ಅಂಗಡಿಯಲ್ಲಿ ಕುರ್ಚಿಗಳ ಹಿಂದೆ ಸುರುಳಿಯಾಗಿ ನಿಂತಿತ್ತು. ಅದರೊಳಗೆ ಬೆಳ್ಳಗಿನ ನಾನು ಪ್ರಥಮ ಸ್ಥಾನದಲ್ಲಿ ನಗುತ್ತಿದ್ದೆ.

ತೀರ್ಪುಗಾರರಲ್ಲಿ ಒಬ್ಬರಿಗೆ ಗಡ್ಡವಿತ್ತು, ಖಾದಿ ಜುಬ್ಬವಿತ್ತು, ಹೆಗಲಿನಲ್ಲಿ ಬಟ್ಟೆಯ ಚೀಲವಿತ್ತು. ಇಷ್ಟಿದ್ದವರಿಗೆ ಒಂದು ಸಾಧಾರಣ ಚಿತ್ರ ಸಾಧಾರಣವಾಗಿ ಕಾಣುವುದು ಕಷ್ಟ. ಅವರು ನನ್ನ ಪರದೆಯ ಮುಂದೆ ತುಂಬ ಹೊತ್ತು ನಿಂತರಂತೆ. ಮಧ್ಯಾಹ್ನದ ಮೇಲೆ ಫಲಿತಾಂಶ ಹೇಳುವಾಗ ಮೈಕಿನಲ್ಲಿ ಮಲಯಾಳದಲ್ಲಿ ವಿವರಿಸಿದರು: ಎಲ್ಲರೂ ಪ್ರಕೃತಿಯನ್ನು ಬಿಡಿಸಿದ್ದಾರೆ, ಒಬ್ಬ ಹುಡುಗ ಮಾತ್ರ ಪ್ಲಾಸ್ಟಿಕ್ಕಿನ ಬೇರಿಗೆ ಕೈ ಹಾಕಿದ್ದಾನೆ. ಪರಿಸರದ ಬಗ್ಗೆ ಭಾಷಣ ಮಾಡಿ ತಮ್ಮ ಮುಖವನ್ನು ಪ್ಲಾಸ್ಟಿಕ್ಕಿನ ಮೇಲೆಯೇ ಅಚ್ಚು ಹಾಕಿಸಿಕೊಳ್ಳುವ ನಾಯಕರು ಈ ಚಿತ್ರದಲ್ಲಿ ಮುಖವೇ ಇಲ್ಲದೆ ಸಾಲಾಗಿ ನಿಂತಿದ್ದಾರೆ. ಇದು ಒಂಬತ್ತನೇ ಕ್ಲಾಸಿನ ಹುಡುಗನ ವಿಡಂಬನೆ. ಪ್ರಥಮ ಸ್ಥಾನ.

ವೇದಿಕೆಗೆ ಹೋದಾಗ ಅವರು ನನ್ನ ಹೆಗಲ ಮೇಲೆ ಕೈಯಿಟ್ಟು, ನೀನು ಹೇಳಲು ಹೊರಟದ್ದು ಅದೇ ಅಲ್ಲವೇ ಎಂದು ಕೇಳಿದರು. ಅಧ್ಯಾಪಕರು ಹೆಗಲ ಮೇಲೆ ಕೈಯಿಟ್ಟು ಪ್ರಶ್ನೆ ಕೇಳಿದರೆ ತಲೆ ಆಡಿಸಬೇಕು ಎಂಬುದು ಶಾಲೆಯಲ್ಲಿ ನಾನು ಕಲಿತ ಮೊದಲ ಪಾಠ. ಆಡಿಸಿದೆ. ಅದನ್ನು ಪತ್ರಿಕೆಯವರೊಬ್ಬರು ಬರೆದುಕೊಂಡರು.

ಸಂಜೆ ನಾನು ಬಸ್ಸಿಳಿಯುವ ಮೊದಲೇ ಜಂಕ್ಷನಿನಲ್ಲಿ ಫ್ಲೆಕ್ಸು ಎದ್ದಿತ್ತು. ಪಟಾಕಿಯೂ ಹೊಡೆಯಿತು. ಚಂದ್ರಹಾಸಣ್ಣ ನನ್ನನ್ನು ಎತ್ತಿ ಇಳಿಸಿದರು. "ಕಾಗದ ಅಂಟಿಸ್ಲಿಕ್ಕೆ ಆಗ್ಲಿಲ್ಲ ನೋಡು! ಆಚೆಯವರ ಮುಖ ನೋಡು, ಹಲಸಿನಕಾಯಿಯ ಅಂಟು ಹಿಡಿದ ಹಾಗೆ ಆಗಿದೆ." ನಾನು ನೋಡಿದೆ. ಹಾಗೆಯೇ ಆಗಿತ್ತು. ಅಂದು ಊರಿನಲ್ಲಿ ನನಗಿಂತ ಹೆಚ್ಚು ಗೆದ್ದವರು ಚಂದ್ರಹಾಸಣ್ಣ.

ಮರುದಿನ ಬೆಳಿಗ್ಗೆ ಪತ್ರಿಕೆ ಬಂತು. ಒಳಪುಟದಲ್ಲಿ ನನ್ನ ಚಿತ್ರದ ಬಗ್ಗೆ ನಾಲ್ಕು ಸಾಲು, ಮೇಲೆ ತಲೆಬರಹ: ಫ್ಲೆಕ್ಸ್ ನಾಯಕರಿಗೆ ವಿದ್ಯಾರ್ಥಿಯ ಚಾಟಿ. ಆಚೆಯವರು ಅದನ್ನು ದೊಡ್ಡದಾಗಿ ಜೆರಾಕ್ಸ್ ಮಾಡಿಸಿ, ನನ್ನ ಫ್ಲೆಕ್ಸು ಕಟ್ಟಿದ ಕಂಬಕ್ಕೇ, ಸರಿಯಾಗಿ ಚಂದ್ರಹಾಸಣ್ಣನ ಮೊಟ್ಟೆಯ ಪಕ್ಕದಲ್ಲಿ ಅಂಟಿಸಿದರು. ಬಸ್ಸಿಗೆ ನಿಂತವರಿಗೆ ಓದಲು ಬೇರೇನೂ ಇರಲಿಲ್ಲ. ಜೀಪಿನವ ಇಳಿದು ಬಂದು ಓದಿದ, ಮೀನು ಮಾರುವವ ಸೈಕಲ್ ನಿಲ್ಲಿಸಿ ಇನ್ನೊಬ್ಬರಿಂದ ಓದಿಸಿದ. "ಅಲ್ಲ ಚಂದ್ರಹಾಸ, ನೀನು ಹುಡುಗನನ್ನು ಎತ್ತಿ ಕಟ್ಟಿದ್ದಿ, ಹುಡುಗ ನಿನ್ನನ್ನು ಇಳಿಸಿ ಕಟ್ಟಿದ್ದಾನಲ್ಲ ಮಾರಾಯ!" ಎಂದು ಹೋಟೆಲಿನ ಒಳಗಿನಿಂದ ಯಾರೋ ಕೂಗಿದರು. ಸುದ್ದಿ ಪಕ್ಷದ ಹಿರಿಯರವರೆಗೆ ಹೋಯಿತು. ಊರಿನ ಮಕ್ಕಳನ್ನು ಮುಂದೆ ತರುವವನನ್ನು ಊರಿನ ಮಗುವೇ ಗೇಲಿ ಮಾಡಿದರೆ ಅವನಿಗೆ ಸೀಟು ಕೊಡುವುದು ಹೇಗೆ? ಆದಿತ್ಯವಾರ ಕ್ಲಬ್ಬಿನಲ್ಲಿ ನನಗೆ ಅಭಿನಂದನಾ ಸಭೆ ಇತ್ತು. ಅಲ್ಲಿಗೆ ಬಂದು ನೋಡಿ ತೀರ್ಮಾನಿಸುತ್ತೇವೆ ಎಂದರಂತೆ ಹಿರಿಯರು.

ಆ ಸಭೆಯ ವಿಷಯದಲ್ಲಿಯೇ ನನಗೂ ನನ್ನ ನೆನಪಿಗೂ ಈಗ ವ್ಯಾಜ್ಯ ನಡೆದಿರುವುದು.

ನನ್ನ ನೆನಪು ಹೇಳುವುದು ಹೀಗೆ. ಕ್ಲಬ್ಬಿನ ಅಂಗಳ, ಚಂದ್ರಹಾಸಣ್ಣನದೇ ಕುರ್ಚಿ, ಅವರದೇ ಮೈಕು. ಎದುರಿನ ಸಾಲಿನಲ್ಲಿ ಬಿಳಿ ಮುಂಡು ಉಟ್ಟ ಪಕ್ಷದ ಹಿರಿಯರು ಮಾತ್ರ. ಕ್ಲಬ್ಬಿನ ಅಧ್ಯಕ್ಷರು ತಮ್ಮ ಭಾಷಣದಲ್ಲಿ, "ಫಲಿತಾಂಶ ಬರುವ ಮೊದಲೇ ಫ್ಲೆಕ್ಸ್ ಮಾಡಿಸುವಂಥವರಿಗೆ ಈ ಬಾಲಕ ಪಾಠ ಕಲಿಸಿದ್ದಾನೆ," ಎಂದರು. ತಮ್ಮ ಮೊಟ್ಟೆಯೂ ಅದೇ ಫ್ಲೆಕ್ಸಿನಲ್ಲಿ, ಒಂದು ಬೆರಳು ದೊಡ್ಡದಾಗಿ ಇದೆ ಎಂಬುದು ಅವರಿಗೆ ತೊಂದರೆ ಕೊಟ್ಟಂತೆ ಕಾಣಲಿಲ್ಲ. ಹಿರಿಯರಲ್ಲಿ ಒಬ್ಬರು ಕೂತಲ್ಲಿಂದಲೇ ಕೇಳಿದರು: "ಮಗ, ಆ ಖಾಲಿ ಮುಖ ಯಾರದ್ದು? ನೀನೇ ಹೇಳು." ಮೈಕನ್ನು ನನ್ನ ಕೈಗೆ ಕೊಟ್ಟರು. ನಾನು ಸಭೆಯನ್ನೊಮ್ಮೆ ನೋಡಿ ಹೇಳಿದೆ: "ಯಾರ ಮುಖ ಅದಕ್ಕೆ ಸರಿಹೊಂದುತ್ತದೋ ಅವರದ್ದು."

ಎಂಥ ಉತ್ತರ! ಈ ಉತ್ತರದ ಮೇಲೆ ನಾನು ವಿಶ್ವವಿದ್ಯಾಲಯದಲ್ಲಿ ಬದುಕಿದ್ದೇನೆ. ಹಾಸ್ಟೆಲಿನಲ್ಲಿ ಹೇಳಿದ್ದೇನೆ, ಚಹಾದಂಗಡಿಯಲ್ಲಿ ಹೇಳಿದ್ದೇನೆ, ಅಧಿಕಾರ ಮತ್ತು ಪ್ರತಿಮೆ ಎಂಬ ವಿಚಾರಗೋಷ್ಠಿಯಲ್ಲಿ ಚಹಾ ವಿರಾಮಕ್ಕೆ ಸ್ವಲ್ಪ ಮೊದಲು ಹೇಳಿದ್ದೇನೆ. ಹದಿನಾಲ್ಕರ ಹುಡುಗ ಒಬ್ಬ ಸ್ಥಳೀಯ ಪುಢಾರಿಯನ್ನು ಒಂದು ವಾಕ್ಯದಿಂದ ಉರುಳಿಸಿದ ಕತೆ. ಸೀಟು ಹೋದದ್ದೂ ನಿಜ; ಅಧ್ಯಕ್ಷರಿಗೆ ಸಿಕ್ಕಿತು, ಅವರು ಗೆದ್ದರು. ಕೇಳಿದವರೆಲ್ಲ ತಲೆದೂಗಿದ್ದಾರೆ. ಜಿಲ್ಲಾ ಮಟ್ಟದಲ್ಲಿ ಏನಾಯಿತು ಎಂದು ಮಾತ್ರ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಲ್ಲಿ ನಾನು ಬೇಕೆಂದೇ, ಪೂರ್ಣ ಪ್ರಜ್ಞೆಯಿಂದ, ವಿಡಂಬನೆಗಾಗಿಯೇ ಖಾಲಿ ಮೊಟ್ಟೆಗಳನ್ನು ಸಾಲಾಗಿ ಇಟ್ಟಿದ್ದೆ. ಸಿ ಗ್ರೇಡು ಬಂತು. ಚಿತ್ರ ಅಪೂರ್ಣ ಎಂದು ತೀರ್ಪುಗಾರರು ಹೇಳಿದರು. ಅವರಿಗೆ ಗಡ್ಡವಿರಲಿಲ್ಲ.

ಚೆಂಡು ಸಿಕ್ಕಿದ ದಿನ ಅಕ್ಕನೊಡನೆ ಇದನ್ನೆಲ್ಲ ಹೇಳುತ್ತ ಆ ವಾಕ್ಯಕ್ಕೆ ಬಂದಾಗ ಅವಳು ಸೂಜಿಗೆ ನೂಲು ಪೋಣಿಸುವುದನ್ನು ನಿಲ್ಲಿಸಿದಳು. ಆ ಸಭೆಯಲ್ಲಿ ಪ್ರಾರ್ಥನೆ ಹಾಡಿದವಳು ಅವಳೇ, ವೇದಿಕೆಯ ಮೇಲೆ ನನ್ನ ಪಕ್ಕದಲ್ಲೇ ಕೂತಿದ್ದಳು.

"ಅದನ್ನು ಯಾರು ಹೇಳಿದ್ದು?"

"ನಾನು."

"ಯಾವಾಗ? ನೀನು ಅಳ್ಲಿಕ್ಕೆ ಸುರು ಮಾಡಿದ್ದಿ. ಮೂಗು ಒರೆಸ್ಲಿಕ್ಕೆ ನನ್ನ ಶಾಲು ತೆಕ್ಕೊಂಡದ್ದು ನೆನಪಿಲ್ವಾ? ಒಗೆದರೂ ಹೋಗ್ಲಿಲ್ಲ ಅದು."

"ಮತ್ತೆ ಮಾತಾಡಿದ್ದು ಯಾರು?"

"ನನಗೆಂತ ಗೊತ್ತು? ನಾನು ಶಾಲು ನೋಡ್ತಾ ಇದ್ದೆ."

ಅಕ್ಕನಿಗೆ ಸುಳ್ಳು ಹೇಳುವುದರಿಂದ ಏನು ಲಾಭ ಎಂದು ತರಬೇತಿಯಂತೆ ಯೋಚಿಸಿದೆ. ನನ್ನನ್ನು ಕುಗ್ಗಿಸುವ ಲಾಭ ಇದ್ದೇ ಇದೆ. ಆದರೆ ಶಾಲಿನ ವಿವರ ಸುಳ್ಳು ಹೇಳುವವರು ಹುಟ್ಟಿಸುವಂಥದ್ದಲ್ಲ. ಇನ್ನೊಬ್ಬ ಸಾಕ್ಷಿ ಬೇಕಿತ್ತು. ಸಾಕ್ಷಿಯೆಂದರೆ ಚಂದ್ರಹಾಸಣ್ಣನೇ. ಅಕ್ಕನ ಹೊಸ ಮನೆಯ ಗೃಹಪ್ರವೇಶಕ್ಕೆ ಹೇಗೂ ಕುರ್ಚಿ ಹೇಳಬೇಕಿತ್ತು, ಹೋದೆ.

ಚಂದ್ರಹಾಸಣ್ಣ ಟೆಂಪೋಕ್ಕೆ ಕುರ್ಚಿ ಏರಿಸುತ್ತಿದ್ದರು. ಕೂದಲು ನರೆತಿದೆ, ದನಿ ಹಾಗೆಯೇ ಇದೆ. "ಓ, ಕಲಾಕುಸುಮ! ಯಾವಾಗ ಬಂದದ್ದು?" ಎಂದರು. ಊರಿನವರ ಸುದ್ದಿ, ಫ್ಲೆಕ್ಸ್ ನಿಂತ ಮೇಲೆ ಬಟ್ಟೆಯ ಬ್ಯಾನರಿಗೆ ಎಷ್ಟು ಖರ್ಚು ಎಂಬ ಗೋಳು ಎಲ್ಲ ಆದ ಮೇಲೆ ಕೇಳಿದೆ.

"ಚಂದ್ರಹಾಸಣ್ಣ, ಆ ದಿನ ಸಭೆಯಲ್ಲಿ ನಾನು ಎಂತ ಹೇಳಿದ್ದು ನೆನಪುಂಟಾ ನಿಮಗೆ?"

"ನೀನಾ? ನೀನೆಂತ ಹೇಳಿದ್ದಿ! ಮೈಕ್ ಹಿಡಿದು ನಿಂತದ್ದು. ಮೈಕಿನಲ್ಲಿ ನಿನ್ನ ಮೂಗು ಮಾತ್ರ ಕೇಳ್ತಾ ಇತ್ತು."

"ಮತ್ತೆ?"

"ಮತ್ತೆ ಮೈಕ್ ನಾನು ತೆಕ್ಕೊಂಡೆ. ಹೌದು, ಹುಡುಗ ನಮ್ಮಂಥವರನ್ನೇ ಬಿಡಿಸಿದ್ದು, ಸರಿಯಾಗಿ ಬಿಡಿಸಿದ್ದಾನೆ, ಆ ಖಾಲಿ ಮುಖದಲ್ಲಿ ಒಂದು ನನ್ನದು, ಚಪ್ಪಾಳೆ ಹೊಡೀರಿ ಅಂತ ಹೇಳಿದೆ. ಹೊಡೆದರು."

"ಸೀಟು ಹೋದದ್ದು ಅದರಿಂದಲಾ?"

"ಅದರಿಂದಲೇ. ಗೇಲಿ ಮಾಡಿಸಿಕೊಂಡವ ಅಂತ ನಾನೇ ಒಪ್ಪಿದ ಮೇಲೆ ಅವರಿಗೆ ಸುಲಭ ಆಯ್ತು." ಅವರು ಇನ್ನೊಂದು ಕುರ್ಚಿ ಎತ್ತಿ ಟೆಂಪೋದ ಮೇಲೆ ನಿಂತಿದ್ದ ಆಳಿನ ಕೈಗೆ ಕೊಟ್ಟರು.

ಇದರಲ್ಲಿ ಇವರಿಗೆ ಏನು ಲಾಭ ಎಂದು ಹುಡುಕಿದೆ. ಆಮೇಲೆ ಅವರು ಯಾವ ಚುನಾವಣೆಗೂ ನಿಂತಿಲ್ಲ. ಈ ಕತೆಯನ್ನು ಯಾರಿಗೂ ಹೇಳಿದಂತೆಯೂ ಇಲ್ಲ. ಹೇಳಿದ್ದರೆ ನನ್ನ ಕಿವಿಗೆ ಬಾರದೆ ಇರುತ್ತಿರಲಿಲ್ಲ.

"ನಾನು ನಿಮ್ಮನ್ನು ತಮಾಷೆ ಮಾಡಿದ್ದು ಅಂತ ಬೇಸರ ಆಗ್ಲಿಲ್ವಾ ನಿಮಗೆ?"

ಚಂದ್ರಹಾಸಣ್ಣ ಜೋರಾಗಿ ನಕ್ಕರು. "ನೀನು ತಮಾಷೆ ಮಾಡಿದ್ದಾ! ಆ ಫ್ಲೆಕ್ಸಿನ ಅಂಗಡಿಯಲ್ಲಿ ನಿನ್ನನ್ನು ಕೂರಿಸಿದ್ದು ಯಾರು? ಪೇಪರ್ ಓದುವಾಗಲೇ ಗೊತ್ತಾಯ್ತು ನನಗೆ ಆ ಮೊಟ್ಟೆ ಎಲ್ಲಿಂದ ಬಂದದ್ದು ಅಂತ. ಅಷ್ಟೆಲ್ಲ ಬುದ್ಧಿ ಎಲ್ಲಿತ್ತು ಮಾರಾಯ ನಿನಗೆ ಆಗ?"

"ಹಾಗಾದರೆ ಅದನ್ನೇ ಹೇಳಬಹುದಿತ್ತಲ್ಲ? ಹುಡುಗನಿಗೆ ಎಂತದೂ ಗೊತ್ತಿಲ್ಲ, ಅಭ್ಯಾಸ ಆಗಿ ಹಾಕಿದ್ದು ಅಂತ. ಸಭೆಯೇ ನಗ್ತಿತ್ತು, ಸೀಟು ನಿಮಗೇ ಸಿಗ್ತಿತ್ತು."

"ಹೇಳಬಹುದಿತ್ತು. ಬಾಯಿವರೆಗೆ ಬಂದಿತ್ತು." ಅವರು ಟೆಂಪೋದ ಹಗ್ಗವನ್ನು ಎರಡು ಕೈಯಿಂದ ಎಳೆದು ಬಿಗಿ ಮಾಡಿದರು. "ಆದರೆ ಎದುರಿನ ಸಾಲಿನಲ್ಲಿ ನಿನ್ನ ಅಮ್ಮ ಕೂತಿದ್ದರಲ್ಲ, ಹೊಸ ಸೀರೆ ಉಟ್ಟುಕೊಂಡು."